ಮಿಲ್‌ಫರ್ಡ್ ಟ್ರ್ಯಾಕ್: ಮ್ಯಾಕಿನ್ನನ್ ಪಾಸ್ ದಾಟಿದ್ದಾಯಿತು

ನ್ಯೂಜಿಲೆಂಡಿನ ಫಿಯೋರ್ಡ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನದ 53.5 ಕಿಲೋಮೀಟರ್ ಹಾದಿಯಲ್ಲಿ ಇನ್ನುಳಿದಿರುವುದು 18 ಕಿಲೋಮೀಟರ್. ಡಂಪ್ಲಿಂಗ್ ಹಟ್ ಎಂಬ ಚಾರಣಿಗರ ತಂಗುಮನೆಯ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟಿಗೆ ನೀರಿಟ್ಟು ಬರೆಯುತ್ತಿದ್ದೇನೆ. ಇಲ್ಲಿ ಒಲೆ, ಹಾಸಿಗೆ ಸಿಗುತ್ತವೆ. ಪಾತ್ರೆ, ತಟ್ಟೆಗಳನ್ನು ನಾವೇ ಹೊತ್ತು ತರಬೇಕು.

ಟೆ ಆನಾವು ಸರೋವರದಲ್ಲಿ ದೋಣಿ ಇಳಿದ ಮೇಲೆ ಕ್ಲಿಂಟನ್ ನದಿಯ ಗುಂಟ ಬೀಚ್ ಮರಗಳ ಕಾಡು, ಬಹುಪಾಲು ಸಮತಟ್ಟು. ನಿಜವಾದ ಏರು ಶುರುವಾಗುವುದು ಮಿಂಟಾರೋ ಹಟ್ ಬಿಟ್ಟ ನಂತರ.

ಬೆಳಿಗ್ಗೆ ಎದ್ದಾಗಲೇ ಮಳೆ. ಜೊತೆಯವರ ಮುಖ ಬಾಡಿತು, ನನಗೋ ಖುಷಿ. ಈ ಕಣಿವೆಯನ್ನು ಮಳೆಯಲ್ಲೇ ನೋಡಬೇಕು. ಟ್ಯಾಸ್ಮನ್ ಸಮುದ್ರದ ತೇವ ಹೊತ್ತ ಪಶ್ಚಿಮದ ಗಾಳಿ ನೇರವಾಗಿ ಈ ಬೆಟ್ಟಗಳಿಗೆ ಬಡಿಯುತ್ತದೆ. ಹಾದಿಯ ಕೊನೆಗಿರುವ ಕಡಲಚಾಚು ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ. ಪ್ರಮಾಣದಲ್ಲಿ ನಮ್ಮ ಆಗುಂಬೆಗೆ ಹತ್ತಿರ, ಆದರೆ ಇಲ್ಲಿ ಮಳೆಗಾಲವೆಂದು ಬೇರೆಯಿಲ್ಲ, ವರ್ಷವಿಡೀ ಸುರಿಯುತ್ತದೆ. ಕಡಿದಾದ ಗಟ್ಟಿ ಬಂಡೆಯ ಮೇಲೆ ಮಣ್ಣು ತೆಳು, ಇಂಗುವುದಕ್ಕೆ ಜಾಗವಿಲ್ಲ. ಹಾಗಾಗಿ ನಿನ್ನೆ ಬರೀ ಕಲ್ಲಾಗಿದ್ದ ಗೋಡೆಗಳಲ್ಲಿ ಇಂದು ಎಣಿಸಲಾರದಷ್ಟು ಜಲಪಾತಗಳು. ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಬಹುತೇಕ ಮಾಯವಾಗುತ್ತವೆ.

ಏರಿನ ತಿರುವುಗಳಲ್ಲಿ ಮೌಂಟ್ ಕುಕ್ ಲಿಲಿ ಅರಳಿತ್ತು. ಹೆಸರು ಲಿಲಿಯಾದರೂ ಜಾತಿಯಲ್ಲಿ ಬಟರ್‌ಕಪ್, ಆ ಕುಲದಲ್ಲೇ ಅತಿ ದೊಡ್ಡದು. ಬಿಳಿ ಎಸಳು, ನಡುವೆ ಹಳದಿ. ಅಗಲವಾದ ದಪ್ಪ ಎಲೆ ದೊನ್ನೆಯಂತೆ ತಗ್ಗಾಗಿ ಮಳೆನೀರು ಹಿಡಿದಿತ್ತು. ಬಗ್ಗಿ ನೋಡುತ್ತಾ ಬಹಳ ಹೊತ್ತು ನಿಂತೆ.

1,154 ಮೀಟರ್ ಎತ್ತರದ ಪಾಸ್‌ನಲ್ಲಿ, ಅಂದರೆ ಬೆಟ್ಟಸಾಲು ದಾಟುವ ಜಾಗದಲ್ಲಿ, 1888ರಲ್ಲಿ ಈ ದಾರಿ ಹುಡುಕಿದ ಕ್ವಿಂಟಿನ್ ಮ್ಯಾಕಿನ್ನನ್ ನೆನಪಿನ ಕಲ್ಲುಗುಪ್ಪೆಯಿದೆ. ಅಲ್ಲಿ ಗಾಳಿ ನಿಲ್ಲಗೊಡಲಿಲ್ಲ. ಇಳಿಜಾರು ಏರಿಗಿಂತ ಕಠಿಣ: ಸುಮಾರು 900 ಮೀಟರ್ ಕೆಳಗಿಳಿಯಬೇಕು, ಒದ್ದೆ ಕಲ್ಲುಗಳ ಮೇಲೆ. ಮಂಡಿನೋವಿದ್ದವರು ಊರುಗೋಲಿಲ್ಲದೆ ಬರಲೇಬಾರದು.

ಇಷ್ಟು ದಣಿದ ಮೇಲೂ ಸದರ್‌ಲ್ಯಾಂಡ್ ಜಲಪಾತದ ಒಂದೂವರೆ ಗಂಟೆಯ ಕವಲುದಾರಿಯನ್ನು ಬಿಡಬೇಡಿ. ಕ್ವಿಲ್ ಸರೋವರದ ಅಂಚಿನಿಂದ ಮೂರು ನೆಗೆತಗಳಲ್ಲಿ 580 ಮೀಟರ್ ಧುಮುಕುವ ನೀರು ಬುಡದಲ್ಲಿ ಗಾಳಿಯನ್ನೇ ಎಬ್ಬಿಸುತ್ತದೆ. ಹತ್ತಿರ ಹೋದಂತೆ ಕಣ್ಣು ತೆರೆಯುವುದೇ ಕಷ್ಟವಾಯಿತು. ಮಾತು ಕೇಳಿಸುವುದಿಲ್ಲ.

ಈಗ ಬೂಟುಗಳನ್ನು ಎತ್ತರದ ಮೊಳೆಗೆ ತೂಗುಹಾಕಿದ್ದೇನೆ. ಕಿಯಾ ಎಂಬ ಬೆಟ್ಟದ ಗಿಳಿಗಳಿಗೆ ಬೂಟಿನ ರಬ್ಬರ್ ಎಂದರೆ ಪ್ರಾಣ. ನಾಳೆ ಆರ್ಥರ್ ನದಿಯ ದಂಡೆಯಲ್ಲಿ ಸುಮಾರು ಆರು ಗಂಟೆಯ ನಡಿಗೆ. ಮಧ್ಯಾಹ್ನದ ದೋಣಿಗೆ, ಹಾದಿ ಮುಗಿಯುವ ಸ್ಯಾಂಡ್‌ಫ್ಲೈ ಪಾಯಿಂಟ್ ತಲುಪಬೇಕು, ಆದ್ದರಿಂದ ಬೆಳಕು ಹರಿಯುತ್ತಲೇ ಹೊರಡುತ್ತೇವೆ.