ನನ್ನ ಕೈಯಲ್ಲಿದ್ದ ಪೈಪು

ಅಮೆರಿಕದ ದಕ್ಷಿಣ ಭಾಗದ ಒಂದು ಚಿಂಪಾಂಜಿ ಧಾಮದಲ್ಲಿ ನನ್ನದು ಆರೈಕೆಯ ಕೆಲಸ. ಪ್ರಯೋಗಾಲಯದಿಂದ ಬಿಡುಗಡೆಯಾದ ಚಿಂಪಾಂಜಿಗಳು ಕೊನೆಯವರೆಗೂ ಇಲ್ಲೇ ಇರುತ್ತವೆ. ಇಂಥ ಧಾಮಗಳಿಗಾಗಿ ಇಲ್ಲಿ ಕಾನೂನು ಬಂದದ್ದು 2000ದಲ್ಲಿ. ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಚಿಂಪಾಂಜಿಗಳ ಮೇಲಿನ ಪ್ರಯೋಗವನ್ನು ಪೂರ್ತಿ ಕೈಬಿಟ್ಟದ್ದು 2015ರಲ್ಲಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಬಂದ ಗುಂಪಿನಲ್ಲಿ 38 ವರ್ಷದ ಒಬ್ಬಳಿದ್ದಳು. ಪ್ರಯೋಗಾಲಯದಲ್ಲೇ ಹುಟ್ಟಿದವಳು. ಹೆಪಟೈಟಿಸ್ ಎಂಬ ಯಕೃತ್ತಿನ (ಲಿವರ್) ಕಾಯಿಲೆಯ ಸಂಶೋಧನೆಗೆ ಬಳಸಿದ್ದರು. ಮನಸ್ಸಿನಲ್ಲೇ ನಾನು ಅವಳನ್ನು ಅಜ್ಜಿ ಎಂದು ಕರೆಯುತ್ತಿದ್ದೆ. ಪ್ರಯೋಗಾಲಯದಲ್ಲಿ ದೊಡ್ಡ ಚಿಂಪಾಂಜಿಯೊಂದಕ್ಕೆ ನಿಯಮದ ಪ್ರಕಾರ ಕೊಡಬೇಕಾದ ಕನಿಷ್ಠ ಪಂಜರ ಸುಮಾರು 5 ಅಡಿ ಉದ್ದ, 5 ಅಡಿ ಅಗಲ, 7 ಅಡಿ ಎತ್ತರ. ನಮ್ಮೂರಿನ ಮನೆಯ ಬಚ್ಚಲು ಅದಕ್ಕಿಂತ ದೊಡ್ಡದಿದೆ.

ಬಂದ ಕೂಡಲೇ ಯಾರನ್ನೂ ಹೊರಗೆ ಬಿಡುವುದಿಲ್ಲ. ಮೊದಲು ಕ್ವಾರಂಟೈನ್, ಕ್ಷಯದ ಪರೀಕ್ಷೆ. ಆಮೇಲೆ ಜಾಲರಿಯ ಆಚೆ ಈಚೆ ಕೂರಿಸಿ ಮುಖಪರಿಚಯ. ಒಂದಕ್ಕೊಂದು ಮೈ ಹೇನು ನೋಡಲು ಶುರುಮಾಡಿದರೆ ನಮಗೆ ಸಮಾಧಾನ. ನಾವಂತೂ ಜಾಲರಿ ದಾಟಿ ಒಳಗೆ ಹೋಗುವುದೇ ಇಲ್ಲ, ಅವುಗಳ ಶಕ್ತಿ ಅಂಥದ್ದು.

ನಾನು ಮಾಡಿದ ತಪ್ಪು ನಡೆದದ್ದು ಮೂರನೇ ವಾರ. ಹೊಸಬರಿಗೆ ಬೇಸರ ಕಳೆಯಲೆಂದು ಪ್ಲಾಸ್ಟಿಕ್ ಪೈಪಿನ ತುಂಡಿಗೆ ತೂತು ಕೊರೆದು, ಒಳಗೆ ಕಡಲೆಕಾಯಿ ಬೆಣ್ಣೆ ಮೆತ್ತಿ ಕೊಡುತ್ತೇವೆ. ಕಡ್ಡಿ ಹಾಕಿ ಕೆದಕಿ ತಿನ್ನುತ್ತವೆ. ಅಜ್ಜಿಗೆಂದು ಮೂರಡಿಯ ಪೈಪು ಸಿದ್ಧ ಮಾಡಿ, ಭುಜದ ಮೇಲಿಟ್ಟುಕೊಂಡು ಖುಷಿಯಿಂದ ಹೋದೆ. ಅವಳು ನನ್ನನ್ನು ನೋಡಿದಳು. ಮೈ ಕೂದಲೆಲ್ಲ ನಿಮಿರಿತು. ತುಟಿ ಹಿಂದಕ್ಕೆಳೆದು ಹಲ್ಲೆಲ್ಲ ಕಾಣಿಸಿದಳು. ಸಿನಿಮಾದಲ್ಲಿ ಚಿಂಪಾಂಜಿ ನಗುತ್ತಿದೆ ಎಂದು ತೋರಿಸುತ್ತಾರಲ್ಲ, ಅದು ನಗುವಲ್ಲ, ಪ್ರಾಣಭಯ. ಕಿರುಚುತ್ತಾ ಮೂಲೆಗೆ ಓಡಿದಳು, ನಿಂತಲ್ಲೇ ಭೇದಿಯಾಯಿತು. ಸಮಾಧಾನ ಮಾಡೋಣವೆಂದು ನಾನು ಇನ್ನೂ ಎರಡು ಹೆಜ್ಜೆ ಮುಂದೆ ಹೋದೆ. ಕಿರುಚಾಟ ಇನ್ನೂ ಹೆಚ್ಚಾಯಿತು.

ಹಿರಿಯ ಸಹೋದ್ಯೋಗಿ ಏನೂ ಹೇಳದೆ ನನ್ನ ಭುಜದ ಕಡೆ ಕೈ ತೋರಿಸಿದರು.

ಯಕೃತ್ತಿನ ಚೂರು ತೆಗೆಯಲು ಪ್ರಯೋಗಾಲಯದಲ್ಲಿ ಚಿಂಪಾಂಜಿಗೆ ಮಂಪರು ಬರಿಸಬೇಕಿತ್ತು. ಅದು ಒಪ್ಪದಿದ್ದರೆ ಅರಿವಳಿಕೆಯ ಕೋವಿಯಿಂದ ಸೂಜಿ ಹಾರಿಸುತ್ತಿದ್ದರು. ಅವಳ ಕಣ್ಣಿಗೆ ನಾನು ಕೋವಿ ಹೊತ್ತು ಬಂದವನು. ಮಲೆನಾಡಿನ ಅಡಿಕೆ ತೋಟದಲ್ಲಿ ಬೆಳೆದವನು ನಾನು. ನಮ್ಮ ತೋಟದ ಮಂಗಗಳು ಬರಿಗೈಯಲ್ಲಿ ಬಂದವನಿಗೆ ಹೆದರುತ್ತಿರಲಿಲ್ಲ, ಅಪ್ಪ ಏರ್‌ಗನ್ ಭುಜಕ್ಕೇರಿಸಿದರೆ ಮಾತ್ರ ಒಂದೇ ಉಸಿರಿಗೆ ಮಾಯ. ಇದನ್ನು ಕಣ್ಣಾರೆ ಕಂಡವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೊಡುವ ಖುಷಿಯಲ್ಲಿ ನನ್ನ ಕೈಯಲ್ಲಿ ಏನಿದೆ ಎಂದು ಅವಳ ಕಡೆಯಿಂದ ನೋಡಲೇ ಇಲ್ಲ.

ಆಮೇಲೆ ಉದ್ದನೆಯ ಯಾವ ವಸ್ತುವನ್ನೂ ಅವಳೆದುರು ಒಯ್ಯಲಿಲ್ಲ. ಪೊರಕೆಯನ್ನು ಕೂಡ ಬೇರೆ ದಾರಿಯಲ್ಲಿ ತರುತ್ತಿದ್ದೆ. ಜಾಲರಿಯ ಹೊರಗೆ ಪಕ್ಕಕ್ಕೆ ತಿರುಗಿ ಕೂತು, ಖಾಲಿ ಅಂಗೈ ಕಾಣುವಂತೆ ಇಟ್ಟುಕೊಂಡಿರುತ್ತಿದ್ದೆ. ಎರಡು ತಿಂಗಳು ಹಿಡಿಯಿತು ಅವಳು ಹತ್ತಿರ ಬಂದು ಕೂರಲು.

ಹುಲ್ಲಿನ ಅಂಗಳಕ್ಕೆ ಬಾಗಿಲು ತೆರೆದಾಗ ನಾನು ಕರೆಯಲಿಲ್ಲ, ಹಣ್ಣು ತೋರಿಸಲಿಲ್ಲ. ಉಳಿದವರು ಹೊರಗೆ ಓಡಿದರು. ಅಜ್ಜಿ ಹೊಸಿಲಲ್ಲೇ ಕೂತಳು. ಸಿಮೆಂಟು ಬಿಟ್ಟು ಬೇರೆ ನೆಲ ಅವಳ ಕಾಲಿಗೆ ಗೊತ್ತಿರಲಿಲ್ಲ. ಬೆರಳಿನ ಹಿಂಬದಿಯಿಂದ ಹುಲ್ಲು ಮುಟ್ಟಿ, ಕೈ ಎಳೆದುಕೊಂಡು ಮೂಸಿದಳು. ಮರುದಿನವೂ ಅಷ್ಟೇ. ಹನ್ನೊಂದನೆಯ ದಿನ ಗೆಣಸು ತಿನ್ನುತ್ತಾ ಒಂದು ಕಾಲು ಕೆಳಗಿಳಿಸಿದಳು. ದಿನಚರಿ ಪುಸ್ತಕದಲ್ಲಿ ಬರೆದೆ: ಎಡಗಾಲು ಹುಲ್ಲಿನ ಮೇಲೆ, 4 ನಿಮಿಷ.