ಕೆರ್ಬೆರೋಸ್ ಮತ್ತು ಐದೂವರೆ ಗಂಟೆಯ ತಕರಾರು

ಓಎಸ್‌ಸಿಪಿ ಎಂಬ ಹ್ಯಾಕಿಂಗ್ ಕೌಶಲದ ಪರೀಕ್ಷೆಯ 100 ಅಂಕಗಳಲ್ಲಿ 40, ಸಂಸ್ಥೆಯೊಂದರ ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ಒಂದೆಡೆಯಿಂದ ನಿರ್ವಹಿಸುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯ ಪಾಲಾಗಿರುವುದರಿಂದ, ಭದ್ರತಾ ಕ್ಷೇತ್ರದಲ್ಲಿ ಕೆಲಸ ಹುಡುಕುವ ಮೊದಲು ಮನೆಯ ಲ್ಯಾಬ್‌ನಲ್ಲಿ ಅಂಥದೊಂದು ಜಾಲ, ಅಂದರೆ ಡೊಮೇನ್ ನಿಲ್ಲಿಸಿದ್ದೇನೆ. ಸ್ಥಾಪನೆಯ ಹಂತಗಳನ್ನು ಇಲ್ಲಿ ವಿವರಿಸುವುದಿಲ್ಲ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 3200 ವೇಗದ ಚೀಟಿ ಹೊತ್ತು ಬಂದ ರ‍್ಯಾಮ್ 2666ರಲ್ಲೇ ತೆವಳುತ್ತಿದೆ ಎಂಬುದನ್ನಷ್ಟೇ ದಾಖಲಿಸುತ್ತೇನೆ. ಬಿಲ್ ಕೊಡದ ಅಂಗಡಿಯವರೊಡನೆ ಜಗಳಕ್ಕೂ ಆಧಾರವಿಲ್ಲ.

ತೊಡಕು ಎದುರಾದದ್ದು ಕೆರ್ಬೆರೋಸ್ಟಿಂಗ್‌ನಲ್ಲಿ, ಅಂದರೆ ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಕೆರ್ಬೆರೋಸ್ ವ್ಯವಸ್ಥೆಯಿಂದ ಸರ್ವಿಸ್ ಖಾತೆಯ ಟಿಕೆಟ್ ಪಡೆದು, ಅದರಿಂದ ಪಾಸ್‌ವರ್ಡ್ ಭೇದಿಸುವ ದಾಳಿಯಲ್ಲಿ. ಇದಕ್ಕೆ ಬಳಸುವ ಇಂಪ್ಯಾಕೆಟ್ ಎಂಬ ತಂತ್ರಾಂಶ ಸರ್ವಿಸ್ ಖಾತೆಗಳನ್ನು (ಮನುಷ್ಯರ ಬದಲು ತಂತ್ರಾಂಶಗಳು ಬಳಸುವ ಖಾತೆಗಳು) ಸರಿಯಾಗಿಯೇ ಪಟ್ಟಿ ಮಾಡುತ್ತಿತ್ತು, ಆದರೆ ಟಿಕೆಟ್ ಕೇಳಿದೊಡನೆ ‘ಕ್ಲಾಕ್ ಸ್ಕ್ಯೂ ಟೂ ಗ್ರೇಟ್’ (ಗಡಿಯಾರಗಳ ಅಂತರ ಅತಿಯಾಯಿತು) ಎಂದು ಮುಖ ತಿರುಗಿಸುತ್ತಿತ್ತು. ಡೊಮೇನ್ ಸಹಿಸುವ ವ್ಯತ್ಯಾಸ ಸಾಮಾನ್ಯವಾಗಿ 5 ನಿಮಿಷ. ಇಲ್ಲಿದ್ದದ್ದು ಕರಾರುವಾಕ್ಕಾಗಿ ಐದೂವರೆ ಗಂಟೆ. ಭಾರತೀಯ ಕಾಲಮಾನಕ್ಕೂ ವಿಶ್ವಸಮಯವಾದ ಯುಟಿಸಿಗೂ ಇರುವ ಈ ಅಂತರ ಕಂಡವರೆಲ್ಲ, ನಾನು ದಾಳಿ ನಡೆಸುವ ಲಿನಕ್ಸ್ ಯಂತ್ರ ಕಾಲಿಯ ಟೈಮ್‌ಝೋನ್ ಬದಲಿಸಲು ಹೇಳುತ್ತಾರೆ, ಆದರೆ ಕೆರ್ಬೆರೋಸ್ ಲೆಕ್ಕ ಹಾಕುವುದು ಯುಟಿಸಿಯಲ್ಲಾದ್ದರಿಂದ ಅದರಿಂದ ಕೂದಲೆಳೆಯಷ್ಟೂ ಪ್ರಯೋಜನವಿಲ್ಲ.

ಎನ್‌ಟಿಪಿಡೇಟ್ ಎಂಬ ಆಜ್ಞೆಯಿಂದ ಕಾಲಿಯ ಗಡಿಯಾರವನ್ನು, ಡೊಮೇನ್ ನಡೆಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ಗೆ ಹೊಂದಿಸಿದರೆ, ಆಜ್ಞೆ ಬರೆದು ಮುಗಿಸುವಷ್ಟರಲ್ಲಿ ಅದು ಮತ್ತೆ ಹಳೆಯ ಸಮಯಕ್ಕೆ ಜಿಗಿದಿರುತ್ತಿತ್ತು. ಈ ಯಂತ್ರಗಳೆಲ್ಲ ಓಡುವುದು ನನ್ನ ಕಂಪ್ಯೂಟರಿನೊಳಗೇ, ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ; ಕಾಲಿಯೊಳಗಿರುವ ಅದರ ಸಹಾಯಕ ಗೆಸ್ಟ್ ಅಡಿಷನ್ಸ್ 10 ಸೆಕೆಂಡಿಗೊಮ್ಮೆ ಹೋಸ್ಟ್‌ನ (ಅಸಲಿ ಕಂಪ್ಯೂಟರಿನ) ಸಮಯ ನೋಡಿ, ಅಂತರ 20 ನಿಮಿಷ ಮೀರಿದ್ದರೆ ಗಡಿಯಾರವನ್ನು ಒಂದೇ ಏಟಿಗೆ ಸರಿಪಡಿಸುತ್ತದೆ. ಇಷ್ಟು ನಿಷ್ಠೆಯ ಸೇವಕನನ್ನು ಬೈಯುವುದೂ ಕಷ್ಟ. ಕೊನೆಗೆ ಫೇಕ್‌ಟೈಮ್ ಮೂಲಕ ಆ ಒಂದು ಪ್ರೋಗ್ರಾಮಿಗೆ ಮಾತ್ರ ಸುಳ್ಳು ಸಮಯ ತೋರಿಸಿದಾಗ ಪಾಸ್‌ವರ್ಡ್ ಭೇದಿಸಲು ಬೇಕಾದ ಹ್ಯಾಶ್ ಕೈಗೆ ಬಂತು, ಪಾಸ್‌ವರ್ಡ್ ಊಹಿಸುವ ತಂತ್ರಾಂಶ ಹ್ಯಾಶ್‌ಕ್ಯಾಟ್‌ನಲ್ಲಿ ಈ ಬಗೆಯ ಹ್ಯಾಶ್‌ಗೆಂದೇ ಇರುವ 13100 ಮೋಡ್ ಉಳಿದದ್ದನ್ನು ನೋಡಿಕೊಂಡಿತು.

ಮೂಲ ದೋಷವಿದ್ದದ್ದು ಡೊಮೇನ್ ಕಂಟ್ರೋಲರ್‌ಗೆ ನಾನು ಬಳಸಿದ್ದ, ಯಾರೋ ಪುಣ್ಯಾತ್ಮರು ಸಿದ್ಧಪಡಿಸಿ ಹಂಚಿದ ಸರ್ವರ್ ಇಮೇಜಿನಲ್ಲಿ (ಸಿದ್ಧ ಯಂತ್ರದ ಪ್ರತಿಯಲ್ಲಿ). ಅದರ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಗಡಿಯಾರ ಯುಟಿಸಿಯಲ್ಲಿರಲಿ ಎಂದು ಗುರುತು ಹಾಕಲಾಗಿತ್ತು; ವಿಂಡೋಸ್ ಆ ಸಮಯವನ್ನು ಭಾರತೀಯ ಕಾಲಮಾನವೆಂದೇ ಓದಿಕೊಂಡು ಐದೂವರೆ ಗಂಟೆ ಹಿಂದುಳಿದಿತ್ತು. ಗುರುತು ತೆಗೆದು ಯಂತ್ರವನ್ನು ಮತ್ತೆ ಚಾಲೂ ಮಾಡಿದ್ದಾಯಿತು.

ದಾಳಿಗಷ್ಟೇ ಆಗಿದ್ದರೆ ಫೇಕ್‌ಟೈಮ್ ಸಾಕಿತ್ತು. ಆದರೆ ಮುಂದಿನ ಯೋಜನೆ, ಯಂತ್ರಗಳ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು ಕಲೆಹಾಕಿ ದಾಳಿ ಪತ್ತೆಹಚ್ಚುವ ತಂತ್ರಾಂಶ ವಾಝು; ಲಾಗ್‌ಗಳ ಸಮಯ ಹೊಂದದಿದ್ದರೆ ಅಲ್ಲಿ ಹೆಜ್ಜೆ ಇಡಲಾಗದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ತನ್ನ 2022ರ ಏಪ್ರಿಲ್ ನಿರ್ದೇಶನದಲ್ಲಿ 180 ದಿನಗಳ ಲಾಗ್ ಜೊತೆಗೆ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಗಡಿಯಾರ ಹೊಂದಿಸುವುದನ್ನೂ ಕಡ್ಡಾಯ ಮಾಡಿದ್ದು ಏಕೆಂದು ಈಗ ಅರ್ಥವಾಗುತ್ತಿದೆ. ಎಸ್‌ಒಸಿ (ದಾಳಿಗಳ ಮೇಲೆ ಕಣ್ಣಿಡುವ ಭದ್ರತಾ ಕೇಂದ್ರ) ಹುದ್ದೆಯ ಸಂದರ್ಶನದಲ್ಲಿ ತೋರಿಸಲು ದಾಳಿಗಿಂತ ಅದರ ಜಾಡು ಹಿಡಿದ ನಿಯಮವೇ ಮೇಲೆಂಬುದು ನನ್ನ ಎಣಿಕೆ. ಆದ್ದರಿಂದ ಅದೇ ಟಿಕೆಟ್ ಕೋರಿಕೆ ವಿಂಡೋಸ್ ಲಾಗ್‌ನಲ್ಲಿ 4769 ಈವೆಂಟ್ ಆಗಿ, 0ಎಕ್ಸ್17 ಎಂಬ ಹಳೆಯ, ದುರ್ಬಲ ಎನ್‌ಕ್ರಿಪ್ಷನ್ನೊಡನೆ ದಾಖಲಾದೊಡನೆ ಎಚ್ಚರಿಕೆ ಮೊಳಗಿಸುವ ನಿಯಮವನ್ನು ಮೊದಲು ಬರೆಯಲಿದ್ದೇನೆ, ರ‍್ಯಾಮ್ ಒಪ್ಪಿದರೆ.