ಕೇಳುವ ಮೊದಲು, ಕೇಳಿದ ಮೇಲೆ: ಮಿಷನರಿಯ ಆಹ್ವಾನದ ಬಗ್ಗೆ

ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆಯಿಂದ (ಮಾರ್ಮನ್ ಸಭೆ ಎಂದು ಹಲವರು ಕರೆಯುವುದು ಇದನ್ನೇ) ಮಿಷನ್‌ಗೆ, ಅಂದರೆ ಸುವಾರ್ತೆ ಸಾರುವ ಸೇವೆಗೆ, ಹೊರಡುವ ಹುಡುಗ ಹುಡುಗಿಯರು ಹೆಚ್ಚಾಗಿ ತಯಾರಾಗುವುದು ಪಾಠಗಳಿಗೆ. 1820ರಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಕಂಡ ದರ್ಶನ, ರಕ್ಷಣೆಯ ಯೋಜನೆ, ನಂಬಿಕೆ, ಪಶ್ಚಾತ್ತಾಪ, ದೀಕ್ಷಾಸ್ನಾನ, ಇದನ್ನೆಲ್ಲ ಹೇಗೆ ಹೇಳಬೇಕೆಂದು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಹೇಳಿ ಮುಗಿಸಿದ ಮೇಲೆ ಎದುರಿಗೆ ಕೂತವರನ್ನು ಏನು ಕೇಳಬೇಕು ಎಂಬುದಕ್ಕೆ ಅಷ್ಟು ಗಮನ ಕೊಡುವುದಿಲ್ಲ. 2004ರಲ್ಲಿ ಬಂದು 2023ರಲ್ಲಿ ಪರಿಷ್ಕಾರಗೊಂಡ ‘ಪ್ರೀಚ್ ಮೈ ಗಾಸ್ಪೆಲ್’ ಕೈಪಿಡಿ ಮಿಷನರಿಯ ಉದ್ದೇಶವನ್ನು ಆಹ್ವಾನದಿಂದಲೇ ಶುರುಮಾಡುತ್ತದೆ: ಜನರನ್ನು ಕ್ರಿಸ್ತನ ಬಳಿಗೆ ಕರೆಯುವುದು. ಪಾಠ ಆ ಕರೆಗೆ ಕಾರಣ ಒದಗಿಸುತ್ತದೆ. ಕರೆಯೇ ಇಲ್ಲದ ಪಾಠ ಒಂದು ಒಳ್ಳೆಯ ಮಾತುಕತೆಯಾಗಿ ಅಲ್ಲೇ ನಿಂತುಹೋಗುತ್ತದೆ.

ಹೇಗೆ ಕರೆಯಬೇಕು ಎಂಬುದಕ್ಕೆ ಶಾಸ್ತ್ರದಲ್ಲೇ ಮಾದರಿಗಳಿವೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ನಜರೇತಿನಿಂದ ಒಳ್ಳೆಯದು ಬರಲು ಸಾಧ್ಯವೇ ಎಂದು ನತಾನಯೇಲ ಅನುಮಾನಪಟ್ಟಾಗ ಫಿಲಿಪ್ಪ ವಾದಕ್ಕೆ ಇಳಿಯಲಿಲ್ಲ, ಬಂದು ನೋಡು ಎಂದಷ್ಟೇ ಹೇಳಿದ. ಬೈಬಲ್ ಜೊತೆಗೆ ಸಭೆ ಶಾಸ್ತ್ರವೆಂದು ನಂಬುವ ಮಾರ್ಮನ್ ಗ್ರಂಥದಲ್ಲಿ ಮೊಸಾಯ ಪುಸ್ತಕದ 18ನೇ ಅಧ್ಯಾಯ ಇನ್ನೂ ವಿವರವಾಗಿದೆ. ಅಲ್ಲಿ ಆಲ್ಮ ಎಂಬ ಪ್ರವಾದಿ ಮೊದಲು ಜನರ ಮನಸ್ಸಿನಲ್ಲಿ ಈಗಾಗಲೇ ಇರುವುದನ್ನು ಹೆಸರಿಟ್ಟು ಹೇಳುತ್ತಾನೆ. ಒಬ್ಬರ ಭಾರ ಒಬ್ಬರು ಹೊರಲು, ದುಃಖದಲ್ಲಿರುವವರ ಜೊತೆ ದುಃಖಪಡಲು, ಎಲ್ಲ ಹೊತ್ತಿನಲ್ಲೂ ದೇವರಿಗೆ ಸಾಕ್ಷಿಯಾಗಿ ನಿಲ್ಲಲು ನಿಮಗೆ ಮನಸ್ಸಿದೆಯಲ್ಲ ಎನ್ನುತ್ತಾನೆ. ಆಮೇಲೆ ಕೇಳುತ್ತಾನೆ: ಹಾಗಿದ್ದರೆ ದೀಕ್ಷಾಸ್ನಾನ ಪಡೆಯಲು ನಿಮಗೇನು ಅಡ್ಡಿ? ದೇವರ ಆತ್ಮವು ಹೇರಳವಾಗಿ ದೊರೆಯುವ ಮಾತನ್ನೂ ಅಲ್ಲೇ ಸೇರಿಸುತ್ತಾನೆ. ಜನ ಸಂತೋಷದಿಂದ ಚಪ್ಪಾಳೆ ತಟ್ಟಿ, ನಮ್ಮ ಹೃದಯದ ಬಯಕೆಯೇ ಇದು ಎನ್ನುತ್ತಾರೆ. ಆ ದಿನ ನೀರಿಗಿಳಿದವರು ಸುಮಾರು 204 ಮಂದಿ. ಆ ಕ್ರಮವನ್ನು ಗಮನಿಸಿ. ಮೊದಲು ಅವರ ಬಯಕೆ, ನಂತರ ಪ್ರಶ್ನೆ, ಪ್ರಶ್ನೆಯ ಜೊತೆಗೇ ದೇವರ ವಾಗ್ದಾನ. ಮಿಷನರಿ ಕೊಡುವ ಸಣ್ಣದೊಂದು ಆಹ್ವಾನಕ್ಕೂ ಇದೇ ಕ್ರಮ ಸಾಕು.

ಈಗ ಪ್ರಶ್ನೆಯ ವಿಷಯಕ್ಕೆ ಬರೋಣ. ಹೊಸ ಮಿಷನರಿಗಳ ಬಾಯಲ್ಲಿ ಅತಿ ಹೆಚ್ಚು ಬರುವ ಮಾತು ಇದು: “ಸಮಯ ಸಿಕ್ಕಿದರೆ ಈ ಪುಸ್ತಕ ಸ್ವಲ್ಪ ಓದಿ ನೋಡಿ.” ಇದಕ್ಕೆ ಬರುವ ಉತ್ತರವೂ ಗೊತ್ತಿರುವುದೇ: “ಆಗಲಿ, ನೋಡೋಣ.” ಇಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ಯಾರೂ ಏನನ್ನೂ ಒಪ್ಪಲಿಲ್ಲ. ಐನೂರಕ್ಕೂ ಹೆಚ್ಚು ಪುಟಗಳ ಮಾರ್ಮನ್ ಗ್ರಂಥವನ್ನು ಕೈಗಿಟ್ಟು ‘ಸ್ವಲ್ಪ’ ಎಂದರೆ ಎಲ್ಲಿಂದ ಶುರುಮಾಡಬೇಕು? ಮೊದಲ ಪುಟದಿಂದ ಹಿಡಿದು ಅದರ ಎರಡನೇ ನೀಫೈ ಎಂಬ ಭಾಗದಲ್ಲಿರುವ ಯೆಶಾಯನ ಅಧ್ಯಾಯಗಳ ಹತ್ತಿರ ಬರುವಷ್ಟರಲ್ಲಿ ಕೈಬಿಟ್ಟವರು ಬಹಳ.

ಹೀಗೆ ಕೇಳಬಹುದು. ಮೂರನೇ ನೀಫೈ 11ನೇ ಅಧ್ಯಾಯವನ್ನು ಅವರ ಪುಸ್ತಕದಲ್ಲೇ ತೆಗೆದು ಒಂದು ಚೀಟಿ ಇಡಿ. ಮೊದಲ ಏಳು ವಚನಗಳನ್ನು ಜೊತೆಯಲ್ಲಿ ಕೂತು ಓದಿ, ಸಾಧ್ಯವಾದರೆ ಅವರಿಂದಲೇ ಓದಿಸಿ. ಆಕಾಶದಿಂದ ಒಂದು ಸಣ್ಣ ಧ್ವನಿ ಬರುತ್ತದೆ. ಎರಡು ಸಲ ಜನರಿಗೆ ಅರ್ಥವಾಗುವುದಿಲ್ಲ, ಮೂರನೇ ಸಲ ಕಿವಿಗೊಟ್ಟು ಕೇಳಿದಾಗ ಅರ್ಥವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಆಮೇಲೆ ಹೇಳಿ: “ಇನ್ನು ಮುಂದೆ ಏನಾಗುತ್ತದೆ ಎಂಬುದು ಈ ಅಧ್ಯಾಯದಲ್ಲೇ ಇದೆ. ಒಟ್ಟು 41 ವಚನ, ಹದಿನೈದು ನಿಮಿಷ ಸಾಕು. ಪುನರುತ್ಥಾನಗೊಂಡ ಯೇಸು ಈ ಜನರ ಬಳಿಗೆ ಬಂದದ್ದನ್ನು ಓದಿ, ಇದು ನಿಜವೋ ಎಂದು ಪ್ರಾರ್ಥನೆಯಲ್ಲಿ ಕೇಳಿದರೆ ದೇವರು ನಿಮಗೆ ತಿಳಿಸುತ್ತಾರೆ ಎಂದು ನಾವು ನಂಬಿದ್ದೇವೆ. ಗುರುವಾರ ನಾವು ಬರುವುದರೊಳಗೆ ಓದಿ, ಪ್ರಾರ್ಥನೆ ಮಾಡುತ್ತೀರಾ?” ಏನು ಓದಬೇಕು, ಎಷ್ಟು, ಯಾವತ್ತಿನೊಳಗೆ, ಏಕೆ ಎಂಬುದೆಲ್ಲ ಅದರಲ್ಲಿ ಬಂತು. ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರ ಕೊಡಬಹುದಾದ ಪ್ರಶ್ನೆಯೂ ಬಂತು.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು. ಇದು ಹೇಳಿದಷ್ಟು ಸುಲಭವಲ್ಲ. ಐದಾರು ಸೆಕೆಂಡಿನ ಮೌನವೇ ಯುಗದಂತೆ ಅನ್ನಿಸಿ, ಪಕ್ಕದಲ್ಲಿ ಕೂತ ಕಂಪ್ಯಾನಿಯನ್ (ಜೋಡಿ ಮಿಷನರಿ) “ಕಷ್ಟವಾದರೆ ಪರವಾಗಿಲ್ಲ, ಆದಾಗ ಓದಿ” ಎಂದುಬಿಡುತ್ತಾರೆ. ಕೇಳಿದ್ದೆಲ್ಲ ಆ ಒಂದು ಮಾತಿಗೆ ಕರಗಿಹೋಯಿತು. ಎದುರಿನವರು ಆ ಹೊತ್ತಿನಲ್ಲಿ ನಿಜವಾಗಿ ಯೋಚಿಸುತ್ತಿರುತ್ತಾರೆ, ಅದಕ್ಕೆ ಅವಕಾಶ ಕೊಡುವುದೇ ಗೌರವ. ಮನೆಯೊಳಗೆ ಹೋಗುವ ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು: ಇವತ್ತು ಆಹ್ವಾನ ಯಾವುದು, ಕೇಳುವವರು ಯಾರು, ಸುಮ್ಮನಿರುವವರು ಯಾರು.

ವಾಗ್ದಾನದ ವಿಷಯದಲ್ಲಿ ಒಂದು ಎಚ್ಚರ. ಶಾಸ್ತ್ರ ಕೊಟ್ಟ ಮಾತನ್ನು ಮಾತ್ರ ಕೊಡಿ. ಮಾರ್ಮನ್ ಗ್ರಂಥದ ಮೊರೊನೈ 10ನೇ ಅಧ್ಯಾಯದ 3ರಿಂದ 5ನೇ ವಚನಗಳು ಪವಿತ್ರಾತ್ಮನ ಮೂಲಕ ಸತ್ಯ ತಿಳಿಯುತ್ತದೆ ಎನ್ನುತ್ತವೆ, ಅದೂ ಪ್ರಾಮಾಣಿಕ ಹೃದಯದಿಂದ, ನಿಜವಾದ ಉದ್ದೇಶದಿಂದ, ಕ್ರಿಸ್ತನಲ್ಲಿ ನಂಬಿಕೆಯಿಟ್ಟು ಕೇಳಿದವರಿಗೆ. ಸಭೆಗೆ ಬಂದರೆ ಕಾಯಿಲೆ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ, ಸಾಲ ತೀರುತ್ತದೆ ಎಂದು ಹೇಳುವ ಹಕ್ಕು ಯಾವ ಮಿಷನರಿಗೂ ಇಲ್ಲ. ಕಷ್ಟದಲ್ಲಿರುವವರಿಗೆ ಹಾಗೆ ಹೇಳುವುದು ಅನ್ಯಾಯ. ಅದು ನಡೆಯದೆ ಹೋದಾಗ ಅವರು ದೂರುವುದು ಮಿಷನರಿಯನ್ನಲ್ಲ, ದೇವರನ್ನು.

ಒಂದು ಭೇಟಿಗೆ ಒಂದು ಆಹ್ವಾನ, ಹೆಚ್ಚೆಂದರೆ ಎರಡು. ಮೂವತ್ತು ನಿಮಿಷದ ಪಾಠದ ಕೊನೆಯಲ್ಲಿ ಓದಿ, ಪ್ರಾರ್ಥಿಸಿ, ಭಾನುವಾರ ಬನ್ನಿ, ಸಿಗರೇಟು ಬಿಡಿ, ಮನೆಯವರಿಗೂ ತಿಳಿಸಿ ಎಂದು ಐದು ಹೊರೆ ಹೊರಿಸಿದರೆ ಒಂದೂ ನಡೆಯುವುದಿಲ್ಲ. ಮುಂದಿನ ಸಲ ಅವರು ಬಾಗಿಲು ತೆರೆಯಲೇ ಸಂಕೋಚಪಡುತ್ತಾರೆ.

ಇನ್ನು, ಬಾಯಿಮಾತಿನ ‘ಹೂಂ’. ಮನೆಗೆ ಬಂದವರಿಗೆ ಇಲ್ಲ ಎನ್ನಬಾರದು ಎಂಬ ಸಂಕೋಚಕ್ಕೆ ಒಪ್ಪಿಕೊಳ್ಳುವವರು ಎಲ್ಲ ಕಡೆಯೂ ಇದ್ದಾರೆ. ಒಪ್ಪಿದ ಕೂಡಲೇ ಸಂತೋಷಪಟ್ಟು ಎದ್ದುಬಿಡಬೇಡಿ. “ದಿನದಲ್ಲಿ ಯಾವ ಹೊತ್ತಿಗೆ ಓದಲು ಅನುಕೂಲ?” “ಏನಾದರೂ ತೊಂದರೆ ಆಗಬಹುದಾ?” ಎಂದು ಕೇಳಿ. ಆಗ ನಿಜ ಸಂಗತಿ ಹೊರಬರುತ್ತದೆ. ಕಣ್ಣು ಸರಿಯಾಗಿ ಕಾಣಿಸದೆ ಇರಬಹುದು, ಓದು ಬಾರದೆ ಇರಬಹುದು, ಪುಸ್ತಕ ಕಂಡರೆ ಮನೆಯಲ್ಲಿ ಜಗಳವಾಗಬಹುದು. ಅದು ಗೊತ್ತಾದರೆ ದಾರಿ ಹುಡುಕಬಹುದು. ಅವರ ಭಾಷೆಯಲ್ಲಿ ಧ್ವನಿಮುದ್ರಣ ಇದ್ದರೆ ಕೇಳಿಸಬಹುದು, ಫೋನಿನಲ್ಲಿ ದಿನಕ್ಕೆ ಐದು ವಚನ ಜೊತೆಯಲ್ಲಿ ಓದಬಹುದು. ಮನೆಯವರ ಭಯವಿದ್ದರೆ ಮೊದಲು ಅವರ ಪರಿಚಯ ಮಾಡಿಕೊಳ್ಳುವುದೇ ಸರಿ. ಮುಚ್ಚುಮರೆಯಲ್ಲಿ ಓದಿಸುವುದು ಯಾರಿಗೂ ಒಳ್ಳೆಯದಲ್ಲ. ಅಪ್ರಾಪ್ತ ವಯಸ್ಸಿನವರಿಗೆ ಪಾಠ ಹೇಳಲು ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು.

ಕೊಟ್ಟ ಮಾತಿನ ಬೆನ್ನು ಹಿಡಿಯುವುದು ಈ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲು ಎಂದೇ ನನ್ನ ತಿಳಿವಳಿಕೆ, ಹೆಚ್ಚು ಎಡವುವುದೂ ಇಲ್ಲಿಯೇ. ಮಂಗಳವಾರ ಆಹ್ವಾನ ಕೊಟ್ಟು ಮುಂದಿನ ಮಂಗಳವಾರದವರೆಗೆ ಸುದ್ದಿಯೇ ಇಲ್ಲದಿದ್ದರೆ ಅದು ಮರೆತುಹೋಗಿರುತ್ತದೆ. ಮಾರನೇ ದಿನವೋ ಅದರ ಮಾರನೇ ದಿನವೋ ಒಂದು ಸಂದೇಶ ಕಳಿಸಿ. ಅದು ‘ಓದಿದಿರಾ?’ ಎಂಬ ತನಿಖೆಯಾಗದೆ, ಆ ಅಧ್ಯಾಯದ ಒಂದು ವಚನ ಮತ್ತು ಅದರ ಬಗ್ಗೆ ನಿಮ್ಮದೊಂದು ಮಾತು ಆಗಿರಲಿ. ಮುಂದಿನ ಭೇಟಿಯಲ್ಲಿ ಹೊಸ ಪಾಠ ತೆಗೆಯುವ ಮೊದಲು ಹಳೆಯ ಮಾತನ್ನೇ ಎತ್ತಬೇಕು. ಓದಿದ್ದರೆ ಏನನ್ನಿಸಿತು ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಓದುವಾಗ ಮನಸ್ಸು ಶಾಂತವಾಯಿತು ಎಂದು ಯಾರಾದರೂ ಹೇಳಿದರೆ ಅದನ್ನು ದಾಟಿ ಹೋಗಬೇಡಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಪ್ರೀತಿ, ಸಂತೋಷ, ಸಮಾಧಾನವನ್ನು ಪವಿತ್ರಾತ್ಮನ ಫಲ ಎಂದು ಕರೆದಿರುವುದನ್ನು ತೋರಿಸಿ. ಬಹಳ ಜನಕ್ಕೆ ಉತ್ತರ ಬಂದಿರುತ್ತದೆ, ಅದೇ ಉತ್ತರ ಎಂದು ಗೊತ್ತಿರುವುದಿಲ್ಲ.

ಓದಿರದಿದ್ದರೆ? ಬೇಸರದ ಮುಖ ಮಾಡುವ ಅಗತ್ಯವಿಲ್ಲ. “ಹಾಗಾದರೆ ಈಗಲೇ ಓದೋಣ” ಎಂದು ಪುಸ್ತಕ ತೆರೆಯಿರಿ. ಆ ದಿನಕ್ಕೆ ಯೋಚಿಸಿಕೊಂಡು ಬಂದ ಪಾಠ ಪಕ್ಕಕ್ಕಿರಲಿ. ಹಳೆಯ ಆಹ್ವಾನ ಬಾಕಿಯಿರುವಾಗ ಹೊಸದನ್ನು ಕೊಟ್ಟರೆ, ಮಿಷನರಿಗಳ ಮಾತಿಗೆ ಹೂಂ ಎಂದರಾಯಿತು, ಮಾಡಬೇಕಾಗಿಲ್ಲ ಎಂದು ನೀವೇ ಕಲಿಸಿಕೊಟ್ಟಂತೆ.

ಭಾನುವಾರದ ಸಭೆಗೆ ಕರೆಯುವುದು ಬೇರೆ ಬಗೆಯ ಆಹ್ವಾನ, ಇಲ್ಲಿ ವಿವರಗಳೇ ಮುಖ್ಯ. 2019ರಿಂದ ಭಾನುವಾರದ ಸಭೆಗಳು ಒಟ್ಟು ಎರಡು ಗಂಟೆಯವು, ಮೊದಲ ಒಂದು ಗಂಟೆ ಸಂಸ್ಕಾರ ಸಭೆ. ಅದಕ್ಕೆ ಮಾತ್ರ ಬಂದು ಹೋದರೂ ಸರಿ ಎಂದು ಹೇಳಿಬಿಡಿ. ರೊಟ್ಟಿ ಮತ್ತು ನೀರಿನ ತಟ್ಟೆಗಳು ಸಾಲಿನಿಂದ ಸಾಲಿಗೆ ಬರುತ್ತವೆ, ತೆಗೆದುಕೊಳ್ಳಲೇಬೇಕೆಂದಿಲ್ಲ, ಪಕ್ಕದವರಿಗೆ ದಾಟಿಸಬಹುದು. ಕಾಣಿಕೆ ತಟ್ಟೆ ಬರುವುದಿಲ್ಲ. ಭಾಷಣ ಮಾಡುವವರು ಸಂಬಳದ ಪಾದ್ರಿಗಳಲ್ಲ, ಸಭೆಯ ಸದಸ್ಯರೇ. ಮಕ್ಕಳೂ ಅಲ್ಲೇ ಕೂರುತ್ತಾರೆ, ಸದ್ದಿದ್ದೇ ಇರುತ್ತದೆ. ತಿಂಗಳ ಮೊದಲ ಭಾನುವಾರವಾದರೆ ಅದು ಉಪವಾಸ ಮತ್ತು ಸಾಕ್ಷಿಯ ಸಭೆ, ಯಾರು ಬೇಕಾದರೂ ಎದ್ದು ಹೋಗಿ ಸಾಕ್ಷಿ ಹೇಳುತ್ತಾರೆ. ಮೊದಲೇ ತಿಳಿಸದಿದ್ದರೆ ಹೊಸಬರಿಗೆ ಗಲಿಬಿಲಿಯಾಗುತ್ತದೆ.

ಕ್ಯಾಲೆಂಡರ್ ನೋಡದೆ ಕರೆಯಲೇಬೇಡಿ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಜನರಲ್ ಕಾನ್ಫರೆನ್ಸ್ (ಇಡೀ ಸಭೆಯ ಸಮ್ಮೇಳನ) ಇರುವ ಭಾನುವಾರ ಎಂದಿನ ಸಭೆ ನಡೆಯುವುದಿಲ್ಲ. ಸ್ಟೇಕ್ ಕಾನ್ಫರೆನ್ಸ್ (ಆ ಭಾಗದ ಹಲವು ಸಭೆಗಳು ಒಟ್ಟಿಗೆ ಸೇರುವುದು) ಇದ್ದರೆ ಸಭೆ ಬೇರೆ ಕಟ್ಟಡದಲ್ಲಿರಬಹುದು. ಮನಸ್ಸು ಮಾಡಿ ಮಕ್ಕಳನ್ನು ಕಟ್ಟಿಕೊಂಡು ಬಂದವರು ಮುಚ್ಚಿದ ಗೇಟಿನ ಮುಂದೆ ನಿಂತರೆ ಎರಡನೇ ಸಲ ಬರುವುದು ಕಷ್ಟ. ಹಾಗೆಯೇ, ಬಂದವರ ಪಕ್ಕ ಕೂರಲು ಒಬ್ಬ ಸದಸ್ಯರನ್ನು ಶನಿವಾರವೇ ಹೆಸರು ಹಿಡಿದು ಕೇಳಿಕೊಂಡಿರಬೇಕು. ಯಾರಾದರೂ ಮಾತಾಡಿಸುತ್ತಾರೆ ಎಂದುಕೊಂಡರೆ ಯಾರೂ ಮಾತಾಡಿಸುವುದಿಲ್ಲ. ಮಿಷನರಿಗಳು ಬೇರೆ ಊರಿಗೆ ಹೋಗುವವರು, ಸದಸ್ಯರು ಅಲ್ಲೇ ಇರುವವರು. ಪ್ರೀತಿಸಿ, ಹಂಚಿಕೊಳ್ಳಿ, ಆಹ್ವಾನಿಸಿ ಎಂದು ಚರ್ಚ್ ಈಚಿನ ವರ್ಷಗಳಲ್ಲಿ ಸದಸ್ಯರಿಗೇ ಹೇಳುತ್ತಿರುವುದು ಇದಕ್ಕಾಗಿ. ಗೆಳೆಯರನ್ನು ಸಭೆಯ ಯಾವುದೋ ಸೇವಾಕಾರ್ಯಕ್ಕೆ ಕರೆದುಕೊಂಡು ಬರುವುದೂ ಆಹ್ವಾನವೇ.

ದೀಕ್ಷಾಸ್ನಾನದ ಆಹ್ವಾನಕ್ಕೆ ಹೆಚ್ಚಿನವರು ಹೆದರುತ್ತಾರೆ. ಪ್ರಶ್ನೆ ಮಾತ್ರ ಸರಳ: ಯೇಸು ಕ್ರಿಸ್ತನ ಮಾದರಿಯನ್ನು ಅನುಸರಿಸಿ, ದೇವರ ಯಾಜಕತ್ವದ ಅಧಿಕಾರ ಹೊಂದಿದವರಿಂದ ದೀಕ್ಷಾಸ್ನಾನ ಪಡೆಯುತ್ತೀರಾ? ಕೇಳುವುದನ್ನು ತಿಂಗಳುಗಟ್ಟಲೆ ಮುಂದೂಡುವುದೂ ತಪ್ಪು, ತಿಂಗಳ ಲೆಕ್ಕ ತುಂಬಿಸಲು ತಾರೀಕು ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ತಾರೀಕು ಅವರ ತಯಾರಿಗೆ ಗುರಿಯಾಗಿರಬೇಕು, ಅಷ್ಟೇ. ಒಪ್ಪಿದ ದಿನವೇ ಮುಂದೆ ಏನೇನಿದೆ ಎಂದು ಬಿಚ್ಚಿ ಹೇಳಿ. ಮದ್ಯ, ತಂಬಾಕು, ಕಾಫಿ, ಟೀ ಬಿಡಬೇಕಾಗುತ್ತದೆ. ಆದಾಯದ ಹತ್ತನೇ ಒಂದು ಪಾಲು ದಶಮಾಂಶ ಕೊಡಬೇಕಾಗುತ್ತದೆ. ದಾಂಪತ್ಯದ ಹೊರಗೆ ದೈಹಿಕ ಸಂಬಂಧ ಸಲ್ಲದು. ವಿವಾಹಿತರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ ಬೇಕು, ಎಂಟು ವರ್ಷ ತುಂಬದ ಮಕ್ಕಳಿಗೆ ದೀಕ್ಷಾಸ್ನಾನವಿಲ್ಲ. ದೀಕ್ಷಾಸ್ನಾನಕ್ಕೆ ಮೊದಲು ಸಂದರ್ಶನ ಮಾಡುವವರು ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಲೀಡರ್ (ಕೆಲವು ಜೋಡಿ ಮಿಷನರಿಗಳ ಮುಂದಾಳು), ಪಾಠ ಹೇಳಿದವರು ಅವರೇ ಆಗಿದ್ದರೆ ಝೋನ್ ಲೀಡರ್ (ಹಲವು ಡಿಸ್ಟ್ರಿಕ್ಟ್‌ಗಳ ಮುಂದಾಳು). ಇದನ್ನು ಕೊನೆಯ ವಾರಕ್ಕೆ ಬಚ್ಚಿಟ್ಟುಕೊಂಡರೆ ಮೋಸಹೋದಂತೆ ಅನ್ನಿಸುತ್ತದೆ, ಅನ್ನಿಸಿದರೆ ತಪ್ಪು ಅವರದಲ್ಲ.

ಬೇಡ ಎನ್ನುವ ಹಕ್ಕು ಅವರಿಗೆ ಪೂರ್ತಿಯಾಗಿ ಇದೆ. “ಬೇಡ” ಎಂದವರನ್ನು ಒಮ್ಮೆ, ಒಮ್ಮೆ ಮಾತ್ರ, ಏನು ಕಾರಣವೆಂದು ಕೇಳಬಹುದು, ಹೇಳಲು ಇಷ್ಟವಿದ್ದರೆ. ಇನ್ನು ಬರಬೇಡಿ ಎಂದರೆ ಧನ್ಯವಾದ ಹೇಳಿ ಹೊರಡಬೇಕು, ಮತ್ತೆ ಫೋನ್ ಮಾಡಬಾರದು. ಅದನ್ನು ಮಿಷನರಿಗಳು ದಾಖಲೆ ಇಡುವ ಫೋನಿನ ಆ್ಯಪ್‌ನಲ್ಲಿ ಅಂದೇ ಬರೆದಿಡಬೇಕು. ಮಿಷನರಿಗಳ ಬದಲಾವಣೆ ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ. ದಾಖಲೆಯಿಲ್ಲದಿದ್ದರೆ ಹೊಸದಾಗಿ ಬಂದ ಜೋಡಿ ಅದೇ ಬಾಗಿಲು ತಟ್ಟುತ್ತದೆ. ಒಪ್ಪಿದವರ ವಿಷಯದಲ್ಲೂ ಇದೇ ಕತೆ: ಯಾವ ಆಹ್ವಾನ ಕೊಟ್ಟಾಗಿದೆ, ಯಾವುದನ್ನು ನಡೆಸಿದ್ದಾರೆ, ಯಾವುದು ಬಾಕಿ, ಮನೆಯಲ್ಲಿ ಯಾರ ವಿರೋಧವಿದೆ, ಸಭೆಯಲ್ಲಿ ಅವರ ಗೆಳೆಯರು ಯಾರು ಎಂಬ ನಾಲ್ಕು ಸಾಲು ಬರೆದಿಟ್ಟರೆ ಬಂದವರು ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ. ಆ ನಾಲ್ಕು ಸಾಲನ್ನು ಪಾಠ ಕೇಳಿದವರೇ ಓದಿದರೂ ನೋವಾಗದಂತೆ ಬರೆಯಿರಿ.